ರಾಣಿ ಬಾವಿಯ ಕಟ್ಟೆ

ನಮ್ಮ ಮನೆಯಲ್ಲಿ ಹೊಟ್ಟೆಗೆ ತಗ್ಗು ಬಿದ್ದ ಒಂದು ಹಿತ್ತಾಳೆ ತಂಬಿಗೆ ಇದೆ. ನೆಲದ ಮೇಲಿಟ್ಟರೆ ನೆಟ್ಟಗೆ ನಿಲ್ಲುತ್ತದೆ, ಒಂದು ಹನಿ ನೀರು ಸೋರುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಈಗಲೂ ಬಂಗಾರದ ಹಾಗೆ ಹೊಳೆಯುತ್ತದೆ. ಆದರೂ ಮನೆಗೆ ಬಂದವರ ಕಣ್ಣು ಹೊಳಪಿನ ಮೇಲೆ ಬೀಳುವುದಿಲ್ಲ, ತಗ್ಗಿನ ಮೇಲೇ ಬೀಳುತ್ತದೆ. ಮನುಷ್ಯರ ಸ್ವಭಾವವೇ ಹಾಗೆ, ತಂಬಿಗೆಯ ತಪ್ಪೇನೂ ಇಲ್ಲ.

ನಮ್ಮ ಯಜಮಾನರು ಇದನ್ನು ಬೋಗಾರರ ಅಂಗಡಿಗೆ ಒಯ್ದು ತಗ್ಗು ತೆಗೆಸಿಕೊಂಡು ಬರುತ್ತೇನೆಂದು ಮದುವೆಯಾದ ವರ್ಷದಿಂದ ಹೇಳುತ್ತಿದ್ದಾರೆ. ನಾನು "ಇರಲಿ ಬಿಡ್ರಿ" ಅನ್ನುತ್ತ ಬಂದಿದ್ದೇನೆ. ಪ್ರವಾಸಕ್ಕೆ ಹೊರಟರೂ ಅದು ನನ್ನ ಕೈಚೀಲದಲ್ಲಿ ಇರಲೇಬೇಕು. ಬಾಯಿಗೆ ಒಂದು ಬಟ್ಟೆ ಕಟ್ಟಿ, ಮೇಲೆ ಒಂದು ಸಣ್ಣ ಬಟ್ಟಲು ಬೋರಲು ಹಾಕಿ ಒಯ್ಯುತ್ತೇನೆ. ಜೊತೆಗಿದ್ದ ಟೀಚರುಗಳು ಪ್ಲಾಸ್ಟಿಕ್ ಬಾಟಲಿ ಎತ್ತಿ ಗಟಗಟ ಕುಡಿಯುವಾಗ ನಾನು ಗಂಟು ಬಿಚ್ಚುತ್ತ ಕೂತಿರುತ್ತೇನೆ. "ಗಿರಿಜಾ ಟೀಚರ್ ಕಾಶೀಯಾತ್ರಾಕ್ಕ ಹೊಂಟಾರ" ಎಂದು ನಗುತ್ತಾರೆ. ನಗಲಿ. ತಗ್ಗು ಹೇಗೆ ಬಿತ್ತು ಎಂದು ಕೇಳಿದರೆ ಮಾತ್ರ ನಾನು ಮಾತು ಹೊರಳಿಸುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳಿಗೆ ಮಾತು ಹೊರಳಿಸಲು ಬರುವುದಿಲ್ಲವೇ? ಆದರೆ ಹೋದ ತಿಂಗಳು ಆ ತಂಬಿಗೆಯೇ ಬಾಯಿ ಬಿಟ್ಟಿತು. ಆದ್ದರಿಂದ ಇನ್ನು ನಿಮ್ಮ ಮುಂದೆ ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾನು ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಧಾರವಾಡದ ಹತ್ತಿರದ ಹಳ್ಳಿಯವನು. ಹೊಲ ಅಣ್ಣತಮ್ಮಂದಿರಿಗೆ ಸಾಲದೆ ಕಾಗದದ ಕಾರ್ಖಾನೆಗೆ ಬಂದು ಸೇರಿಕೊಂಡಿದ್ದ. ನಮ್ಮ ಓಣಿಯಲ್ಲಿದ್ದವರೆಲ್ಲ ಹಾಗೆಯೇ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು. ನಮಗೆ ಗಡಿಯಾರ ಬೇಕಿರಲಿಲ್ಲ. ಕಾರ್ಖಾನೆಯ ಭೋಂಗಾ ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು, ಕೂಗಿದರೆ ಅಪ್ಪ ಬರಬೇಕು. ವಾಸನೆಯೂ ಅಷ್ಟೇ. ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದರು. "ಏನವ್ವ ಇದು, ಎಲ್ಲೋ ಕೊಳೆತ ಕ್ಯಾಬೀಜ ಕುದಿಸಾಕತ್ತಾರೇನು?" ಎನ್ನುತ್ತಿದ್ದರು. ನಮಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ರಜೆಗೆ ಅಜ್ಜಿಯ ಊರಿಗೆ ಹೋದಾಗ ಗಾಳಿಯಲ್ಲಿ ಏನೋ ಕಡಿಮೆಯಾದಂತೆ ಅನಿಸಿ ಮೊದಲ ದಿನ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಇಂಥ ಊರಿಗೂ ಬೇಸಿಗೆ ಬಂತೆಂದರೆ ಬೀಗರು, ಅಂದರೆ ನೆಂಟರು, ಬರುತ್ತಿದ್ದರು. ಬಯಲುಸೀಮೆಯ ಬಿಸಿಲಿಗೆ ಬೆಂದವರಿಗೆ ಕಾಳಿ ನದಿಯ ತಂಪು, ಕಾಡಿನ ನೆರಳು. ಬಂದವರಿಗೆ ಉಣ್ಣಿಸುವುದು ಅವ್ವನಿಗೆ ಕಷ್ಟವಲ್ಲ. ಕಷ್ಟವಿದ್ದದ್ದು ತೋರಿಸುವುದರಲ್ಲಿ. "ಊರಿಗೆ ತಿರುಗಿ ಹೋದ ಮ್ಯಾಲೆ ದಾಂಡೇಲ್ಯಾಗ ಏನ ನೋಡಿದ್ರಿ ಅಂತ ಯಾರರೆ ಕೇಳಿದ್ರ, ಏನೂ ನೋಡಲಿಲ್ಲ ಅನಬಾರದು ನೋಡ ಗಿರಿಜಾ. ಮನಿ ಮರ್ಯಾದಿ ಹೋಗ್ತೈತಿ" ಎನ್ನುತ್ತಿದ್ದಳು. ಅಪ್ಪನಿಗೆ ಪಾಳಿಯ ಕೆಲಸ. ಅವ್ವನಿಗೆ ಒಲೆ. ಹಿರಿಯ ಮಗಳಾದ ನಾನು ಹನ್ನೊಂದನೆಯ ವರ್ಷಕ್ಕೇ ನಮ್ಮ ಮನೆಯ ಪ್ರವಾಸೋದ್ಯಮ ಇಲಾಖೆಯಾದೆ.

ತೋರಿಸುವ ಜಾಗಗಳ ಪಟ್ಟಿ ಗೊತ್ತಾದದ್ದೇ. ಕೋಗಿಲಬನದ ಹತ್ತಿರ ಹೊಳೆ. ಭಕ್ತಿಯ ಬೀಗರಿದ್ದರೆ ಉಳವಿ. ಒಮ್ಮೆ ಸೂಪಾಕ್ಕೂ ಹೋಗಿದ್ದೆವು. ಆಗ ಅದು ಊರಾಗಿತ್ತು, ಸಂತೆ ಕೂಡುತ್ತಿತ್ತು, ನಾನು ಅಲ್ಲಿ ಬಳೆ ಇಡಿಸಿಕೊಂಡಿದ್ದೆ. ಈಗ ಆ ಊರಿನ ಮೇಲೆ ಅಣೆಕಟ್ಟಿನ ನೀರು ನಿಂತಿದೆ. ಅಲ್ಲಿ ನಾನು ಯಾರಿಗಾದರೂ ಸುಳ್ಳು ಹೇಳಿದ್ದರೆ ಹಿಡಿಯುವವರು ಯಾರೂ ಉಳಿದಿಲ್ಲ. ಹಳಿಯಾಳದಲ್ಲಿ ಮಾತ್ರ ಹಾಗಾಗಲಿಲ್ಲ.

ಹಳಿಯಾಳ ನಮ್ಮ ಪಟ್ಟಿಯ ಕೊನೆಯ ಜಾಗ. ಬೀಗರನ್ನು ಧಾರವಾಡದ ಬಸ್ಸಿಗೆ ಹತ್ತಿಸಲು ಅಲ್ಲಿಯವರೆಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಒಂದು ಬಸ್ಸು ಇಳಿದು ಇನ್ನೊಂದು ಬರುವವರೆಗೆ ಎರಡು ತಾಸು ಸಿಗುತ್ತಿತ್ತು. ಆ ಎರಡು ತಾಸನ್ನು ತುಂಬಲು ಕೋಟೆ. ಕೋಟೆ ಎಂದರೆ ದೊಡ್ಡ ಕಲ್ಪನೆ ಬೇಡ. ಒಂದಷ್ಟು ಕಂದಕ, ಒಂದಷ್ಟು ಕುಸಿದ ಗೋಡೆ, ಹುಲ್ಲು ಬೆಳೆದ ದಿಬ್ಬ, ಮೇಲೆ ಎಮ್ಮೆ. ಒಂದು ಮಗ್ಗುಲಿಗೆ ಕಲ್ಲು ಕಟ್ಟಿದ ಬಾವಿ, ಅದಕ್ಕೆ ಸುತ್ತಲೂ ಮೊಣಕಾಲೆತ್ತರದ ಕಟ್ಟೆ.

ಆ ಬಾವಿಯಲ್ಲಿಯೇ ನಮ್ಮ ತಂಬಿಗೆ ಬಿದ್ದದ್ದು. ಅವ್ವ, ಬೀಗರು ಗಂಟುಮೂಟೆ ಕಾಯುತ್ತ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರು. ನೀರು ತಾ ಎಂದು ನನ್ನನ್ನು ಕಳಿಸಿದ್ದರು. ಹೋಟೆಲಿನಲ್ಲಿ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಬಾವಿಗೆ ಹೋದೆ. ಹಗ್ಗವಿರಲಿಲ್ಲ. ಎರಡು ಜಡೆಯ ಎರಡೂ ರಿಬ್ಬನ್ನು ಬಿಚ್ಚಿ ಒಂದಕ್ಕೊಂದು ಗಂಟು ಹಾಕಿ, ತಂಬಿಗೆಯ ಕೊರಳಿಗೆ ಬಿಗಿದು ಇಳಿಬಿಟ್ಟೆ. ಬೇಸಿಗೆಯ ನೀರು ರಿಬ್ಬನ್ನಿಗೆ ಎಟಕುತ್ತದೆಯೇ? ಇನ್ನಷ್ಟು ಬಗ್ಗುವಷ್ಟರಲ್ಲಿ ಗಂಟು ಜಾರಿತು. ನಾನು ದೊಡ್ಡ ದನಿ ತೆಗೆದು ಅತ್ತೆ. ನನ್ನ ದನಿ ಆಗಲೂ ದೊಡ್ಡದೇ. ಮುಂದೆ ಶಾಲೆಯಲ್ಲಿ ಅದು ಕೊನೆಯ ಬೆಂಚಿಗೂ ಕೇಳುವ ದನಿ ಎಂದು ಹೆಸರಾಯಿತು.

ಅಳು ಕೇಳಿ ಬಂದವನು ಕೈತಾನ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಆ ಬಾವಿಯಿಂದ ನೀರು ಹೊರುವುದು ಅವನ ಕೆಲಸ. ಹತ್ತಿರದ ಹಳ್ಳಿಯ ಸಿದ್ದಿ ಜನಾಂಗದವನು, ಮೂವತ್ತರ ಆಸುಪಾಸು. ಎರಡು ಕೊಡ ಕೆಳಗಿಟ್ಟು, ತನ್ನ ಹಗ್ಗವನ್ನು ಬಾವಿಗೆ ಇಳಿಬಿಟ್ಟು, ಏನಾಯಿತೆಂದು ಕೇಳದೆ, ಬಾವಿಯ ಗೋಡೆಯ ಸಂದುಗಳಲ್ಲಿ ಕಾಲಿಡುತ್ತ ಮನೆಯ ಮೆಟ್ಟಿಲಿಳಿದಷ್ಟು ಸಲೀಸಾಗಿ ಇಳಿದುಬಿಟ್ಟ. ಮುಳುಗಿ ತಂಬಿಗೆ ತೆಗೆದ. ಮೇಲೆ ಬರುವ ಮೊದಲು ಒಂದು ಕಲ್ಲಿನ ಮೇಲೆ ಕೈಯಿಟ್ಟು ನನ್ನನ್ನು ಕರೆದ.

"ಇಲ್ಲಿ ನೋಡ ತಂಗಿ, ಐದ ಗೀರು ಕಾಣ್ತಾವಲ್ಲ? ಈ ಬಾವಿ ತೋಡಿದಾವ ನಮ್ಮ ಮುತ್ಯಾ. ಅವ ಮತ್ತ ಅವನ ನಾಕ ಮಂದಿ ತಮ್ಮಗೋಳು. ನೀರ ಹತ್ತಿದ ದಿನ ಮಂದಿಗೊಂದ ಗೀರು ಹೊಡದಾರ. ಬ್ಯಾಸಗ್ಯಾಗ ಅಷ್ಟ ಕಾಣ್ತಾವ."

ನನಗೆ ಗೀರು ಬೇಕಿರಲಿಲ್ಲ, ತಂಬಿಗೆ ಬೇಕಿತ್ತು. "ಹೂಂ, ಹೂಂ" ಎಂದೆ. ಅವನು ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ, ತಾನು ಮೇಲೆ ಹತ್ತಿ ಬಂದು ಎಳೆದ. ಅರ್ಧ ದಾರಿಯಲ್ಲಿ ಅದು ತೂಗಾಡಿ ಗೋಡೆಗೆ ಟಣ್ ಎಂದು ಬಡಿಯಿತು. ತಗ್ಗು ಬಿದ್ದದ್ದು ಹಾಗೆ. ಅವನ ಮುಖ ಒಂಥರ ಆಯಿತು.

"ಅಯ್ಯ, ತಗ್ಗ ಬಿತ್ತಲ್ಲ ತಂಗಿ. ಮನ್ಯಾಗ ಬೈತಾರೇನ?"

"ಹೊಡೀತಾರ" ಎಂದೆ ನಾನು.

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಂಬಿಗೆಗಾಗಿ ಹೊಡೆದವರಲ್ಲ. ಅವ್ವ ನೋಡಿ, "ಹೋಗ್ಲಿ, ತಂಬಿಗಿ ಬಂತಲ್ಲ, ನೀ ಬೀಳಲಿಲ್ಲಲ್ಲ" ಎಂದು ಸುಮ್ಮನಾದಳು. ಆದರೆ ಮಾತಿಗೆ ಒಗ್ಗರಣೆ ಹಾಕುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಬರೀ ಅನ್ನ ಯಾರು ಉಣ್ಣುತ್ತಾರೆ?

ಮರುವರ್ಷ ಅತ್ತೆಯ ಜೊತೆ ಬೆಳಗಾವಿ ಮಾಮಾ ಬಂದರು. ಅಪ್ಪನ ತಂಗಿಯ ಗಂಡ, ಅಂದರೆ ಮನೆಯ ಅಳಿಯ. ಕರಿ ಟೊಪ್ಪಿಗೆ, ಇಸ್ತ್ರಿಯ ಧೋತರ, ಯಾವುದನ್ನು ನೋಡಿದರೂ ತುಟಿಯನ್ನು ಒಂದು ಕಡೆ ಎಳೆಯುವ ರೂಢಿ. ಹೊಳೆ ತೋರಿಸಿದೆವು. "ಹೊಳಿ ಎಲ್ಲಾ ಕಡೆನೂ ಇರ್ತಾವು" ಎಂದರು. ಕಾಡು ತೋರಿಸಿದೆವು. "ಗಿಡಾ" ಎಂದರು. ಪ್ರತಿ ಸಲ ಅವರು ತುಟಿ ಎಳೆದಾಗಲೂ ಅತ್ತೆಯ ಮುಖ ಒಂದೊಂದು ಅಂಗುಲ ಸಣ್ಣದಾಗುತ್ತಿತ್ತು. ಊರಿಗೆ ಹೋದ ಮೇಲೆ ವರ್ಷವಿಡೀ ಕೇಳಿಸಿಕೊಳ್ಳಬೇಕಾದವಳು ಅವಳು. ಅದು ಹನ್ನೆರಡು ವರ್ಷದ ನನಗೂ ಗೊತ್ತಿತ್ತು. ಉಳಿದದ್ದು ಹಳಿಯಾಳ ಒಂದೇ.

ಅವ್ವ ಬಸ್ ಸ್ಟ್ಯಾಂಡಿನಲ್ಲಿ ಗಂಟು ಕಾಯುತ್ತ ಉಳಿದಳು. ನಾನು ತಗ್ಗಿನ ತಂಬಿಗೆಯಲ್ಲಿ ನೀರು ಹಿಡಿದು ಅತ್ತೆ, ಮಾಮಾ ಇಬ್ಬರನ್ನೂ ಕೋಟೆಗೆ ಕರೆದುಕೊಂಡು ಹೋದೆ. ಮಾಮಾ ದಿಬ್ಬದ ಮೇಲೆ ನಿಂತು ನಾಲ್ಕೂ ಕಡೆ ನೋಡಿದರು.

"ಇದೇನ ಕೋಟಿ? ನಮ್ಮ ಬೆಳಗಾವಿ ಕೋಟಿ ನೋಡಿ ಬಂದಾವರಿಗೆ ಇದನ್ನ ತೋರಸ್ತೀರಿ? ಎಮ್ಮಿ ಮೇಯಾಕ ಭೇಷ್ ಐತಿ ತಗೋ."

ಅತ್ತೆ ಸೆರಗಿನ ತುದಿ ತಿರುವುತ್ತ ನಿಂತಳು. ನಾನು ಸುತ್ತಲೂ ಕಣ್ಣಾಡಿಸಿದೆ. ಬಾವಿ ಕಣ್ಣಿಗೆ ಬಿತ್ತು.

"ಮಾಮಾ, ಇನ್ನೂ ಮುಖ್ಯದ್ದು ನೋಡಿಲ್ರಿ ನೀವು. ಇದು ರಾಣಿ ಬಾವಿ."

"ಯಾವ ರಾಣಿ?"

"ಸಣ್ಣ ರಾಣಿ."

"ಸಣ್ಣ ರಾಣಿ ಅಂದ್ರ?"

"ದೊಡ್ಡ ರಾಣಿ ಊರಾಗ ಇದ್ಲು" ಎಂದೆ. ಇಂಥ ಉತ್ತರಕ್ಕೆ ಎದುರು ಪ್ರಶ್ನೆ ಇರುವುದಿಲ್ಲ. ಅಲ್ಲಿಂದ ಮುಂದೆ ನನ್ನ ನಾಲಿಗೆ ತಾನೇ ನಡೆಯಿತು. ವೈರಿಗಳು ಕೋಟೆಗೆ ಮುತ್ತಿಗೆ ಹಾಕಿದರು. ಸಣ್ಣ ರಾಣಿ ಈ ಕಟ್ಟೆಯ ಮೇಲೆ ಕೂತು, ತನ್ನ ಮುತ್ತೈದೆತನದ ಗುರುತು ವೈರಿಯ ಕೈಗೆ ಸಿಗಬಾರದೆಂದು ಮೂಗಿನ ನತ್ತು ಬಿಚ್ಚಿ ಬಾವಿಗೆ ಹಾಕಿದಳು. ಹುಣ್ಣಿಮೆಯ ದಿನ ನೀರಿನಲ್ಲಿ ಅದು ಇವತ್ತಿಗೂ ಹೊಳೆಯುತ್ತದೆ.

ಮಾಮಾ ಬಗ್ಗಿ ನೋಡಿದರು. ಮೂರು ದಿನದಲ್ಲಿ ಮೊದಲ ಸಲ ಅವರ ತುಟಿ ನೆಟ್ಟಗಿತ್ತು. ಆದರೆ ಅವರು ಸಂಶಯದ ಮನುಷ್ಯ. ಕೈತಾನ ಕೊಡ ಕೆಳಗಿಟ್ಟು, ಬೀಡಿ ಹಚ್ಚಿ, ಅದೇ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ. ಮಾಮಾ ಅವನ ಕಡೆ ತಿರುಗಿದರು.

"ಏನಪಾ, ಈ ಹುಡುಗಿ ಹೇಳೂದು ಹೌದೇನು?"

ಕೈತಾನ ನನ್ನನ್ನು ನೋಡಿದ. ಅವನು ಕೂತಿದ್ದ ಜಾಗದ ನೇರ ಕೆಳಗೆ ಅವನ ಮುತ್ಯಾನ ಐದು ಗೀರುಗಳಿದ್ದವು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವನ ದೃಷ್ಟಿ ನನ್ನ ಕೈಯ ತಂಬಿಗೆಯ ಮೇಲೆ ಇಳಿದು, ಅತ್ತೆಯ ಮುಖಕ್ಕೆ ಹೋಗಿ, ತಿರುಗಿ ಮಾಮಾನ ಕಡೆ ಬಂತು.

"ಹೌದ್ರಿ ಸಾಹೇಬ್ರ. ತಂಗಿ ಹೇಳೂದು ಖರೇ ಐತ್ರಿ."

ನನ್ನ ಜೀವ ತಣ್ಣಗಾಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಇದನ್ನು ನಗುತ್ತ ಬರೆಯುತ್ತಿದ್ದೆ. ಆದರೆ ಮಾಮಾ ನನ್ನ ಕಥೆಯನ್ನು ನನಗಿಂತ ಹೆಚ್ಚು ನಂಬಿಬಿಟ್ಟಿದ್ದರು.

"ಮತ್ತ ಕಟ್ಟಿ ಮ್ಯಾಲೆ ಹೆಂಗ ಕುಂತೀ? ರಾಣಿ ಕುಂತ ಜಾಗಾ ಅದು. ಬೀಡಿ ಬ್ಯಾರೆ! ಇಳಿ, ಇಳಿ ಕೆಳಗ."

ಕೈತಾನ ಬೀಡಿ ಆರಿಸಿದ. ಇಳಿದ. ಒಂದು ಮಾತನ್ನೂ ಆಡಲಿಲ್ಲ.

ನಾನೂ ಆಡಲಿಲ್ಲ. "ಮಾಮಾ, ಅದು ಅವನ ಮುತ್ಯಾನ ಬಾವಿ" ಎನ್ನಲು ಎಷ್ಟು ಹೊತ್ತು ಬೇಕು? ತಂಬಿಗೆಯನ್ನು ನೋಡುತ್ತ ನಿಂತೆ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಹೊರಡುವಾಗ ಕೈತಾನನೇ, "ಹೋಗ ತಂಗಿ, ಬಸ್ಸ ಬಿಟ್ಟೀತು" ಎಂದ. ಬಸ್ಸಿನಲ್ಲಿ ಮಾಮಾ ಪಕ್ಕದವರಿಗೆ ರಾಣಿ ಬಾವಿಯ ವಿಷಯ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ಅತ್ತೆ ನನ್ನ ಕೆನ್ನೆ ಸವರಿ ಹೋದಳು. ಅವ್ವ ಆ ದಿನ ನನಗೆ ಚಹಾದ ಅಂಗಡಿಯಲ್ಲಿ ಖಾರಾ ಶೇವು ಕೊಡಿಸಿದಳು. ತಿಂದೆ. ರುಚಿಯಾಗಿಯೇ ಇತ್ತು ಎಂದು ಈಗ ನಾಚಿಕೆಯಿಂದ ಹೇಳಬೇಕು.

ಒಂದು ಸಲ ಗೆದ್ದ ಸುಳ್ಳನ್ನು ಯಾರು ಬಿಡುತ್ತಾರೆ? ಮುಂದಿನ ಬೇಸಿಗೆಗಳಲ್ಲಿ ಬಂದ ಎಲ್ಲ ಬೀಗರಿಗೂ ರಾಣಿ ಬಾವಿ ತೋರಿಸಿದೆ. ಮಾಮಾನ ಬಾಯಿಂದ ಕೇಳಿದವರು "ನತ್ತಿನ ಬಾವಿ ಎಲ್ಲೈತಿ" ಎಂದು ತಾವೇ ಕೇಳುತ್ತ ಬಂದರು. ಕೈತಾನ ಒಮ್ಮೆಯೂ ನನ್ನ ಮಾತು ತೆಗೆದುಹಾಕಲಿಲ್ಲ. ಕೇಳಿದವರಿಗೆಲ್ಲ "ಹೌದ್ರಿ" ಎನ್ನುತ್ತಿದ್ದ. ಇನ್ನೊಂದು ಮಾಡುತ್ತಿದ್ದ. ನಾನು ಬೀಗರ ಜೊತೆ ದಿಬ್ಬದ ಈ ಕಡೆ ಕಾಣಿಸಿಕೊಂಡ ಕೂಡಲೇ, ಯಾರೂ ಹೇಳುವ ಮೊದಲೇ, ಕಟ್ಟೆಯಿಂದ ತಾನೇ ಕೆಳಗಿಳಿದು ನಿಲ್ಲುತ್ತಿದ್ದ. ಅದು ನನಗೆ ಕಾಣುತ್ತಿತ್ತು. ಕಂಡೂ ಕಥೆ ಶುರು ಮಾಡುತ್ತಿದ್ದೆ.

ಆಮೇಲೆ ಧಾರವಾಡದಲ್ಲಿ ಕಾಲೇಜು, ಅಲ್ಲಿಯೇ ಮದುವೆ, ಅಲ್ಲಿಯೇ ನೌಕರಿ. ಅಪ್ಪ ಅವ್ವ ದಾಂಡೇಲಿಯಲ್ಲಿ ಇರುವವರೆಗೆ ಎಷ್ಟೋ ಸಲ ಹಳಿಯಾಳದ ಮೇಲೆ ಹಾದುಹೋದೆ. ಬಸ್ಸು ನಿಂತಾಗ ಕಿಟಕಿಯಿಂದ ಚಹಾದ ಅಂಗಡಿಯ ಕಡೆ ನೋಡುತ್ತಿದ್ದೆ. ಇಳಿಯುತ್ತಿರಲಿಲ್ಲ. ಇಳಿದು ಏನೆನ್ನಬೇಕು? ಮುಂದಿನ ಸಲ ನೋಡೋಣ ಎನ್ನುತ್ತಿದ್ದೆ. ಮುಂದಿನ ಸಲಗಳು ನಮ್ಮ ಮನೆಯ ಚಿಲ್ಲರೆ ಡಬ್ಬಿಯ ಹಾಗೆ, ಬಹಳ ಇವೆ ಅನ್ನಿಸುತ್ತಲೇ ಮುಗಿದುಹೋಗುತ್ತವೆ. ಒಮ್ಮೆ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಇಲ್ಲದ ಯುದ್ಧವೊಂದನ್ನು ಬಹಳ ಚೆಂದವಾಗಿ ಬರೆದಿದ್ದಳು. ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ "ಕಟ್ಟುಕಥೆ" ಎಂದು ಬರೆದೆ. ಬರೆದ ಕೈ ಒಂದು ಗಳಿಗೆ ನಿಂತಿತು. ಸೊನ್ನೆಯನ್ನೇನೂ ತಿದ್ದಲಿಲ್ಲ.

ಹೋದ ತಿಂಗಳು ನಿವೃತ್ತ ಟೀಚರುಗಳ ನಮ್ಮ ಬಳಗ ಪ್ರವಾಸ ಹೊರಟಿತು. ಸರೋಜಾ ಟೀಚರ್ ನಮ್ಮ ಮುಖ್ಯಸ್ಥೆ. ಶಾಲೆಯಲ್ಲಿಯೂ ನಮಗೆ ಮುಖ್ಯೋಪಾಧ್ಯಾಯಿನಿಯಾಗಿದ್ದರು, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ವ್ಯಾನಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಾರೆ. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಬೌದ್ಧ ಮಂದಿರ ನೋಡಿ, ಉದ್ದುದ್ದನೆಯ ಶ್ಯಾವಿಗೆ ತಿಂದು ಸೀರೆಗೆಲ್ಲ ಸಾರು ಚೆಲ್ಲಿಕೊಂಡೆವು. ದಾಂಡೇಲಿಯಲ್ಲಿ ನೀರಿನ ಮೇಲೆ ರಬ್ಬರಿನ ದೋಣಿಯಲ್ಲಿ ಹಾರಾಡುವವರನ್ನು ದಂಡೆಯ ಮೇಲೆ ಕೂತು ನೋಡಿದೆವು. ನಮ್ಮ ಮೊಣಕಾಲುಗಳಿಗೆ ಅಷ್ಟೇ ಸಾಹಸ. ನನ್ನ ಓಣಿ ಹುಡುಕಿದೆ, ಗುರುತು ಸಿಗಲಿಲ್ಲ. ತಿರುಗಿ ಬರುವಾಗ ಸರೋಜಾ ಟೀಚರ್ ಮೊಬೈಲು ಎತ್ತಿ ಹಿಡಿದರು.

"ಹಳಿಯಾಳದಾಗ ಒಂದ ಕೋಟಿ ಐತಂತ, ಅದರಾಗ ರಾಣಿ ಬಾವಿ ಅಂತ ಐತಂತ. ನೋಡೂಣು. ಗಿರಿಜಾ, ನೀ ಈ ಕಡೆದಾಕಿ ಅಲ್ಲ, ನಿನಗ ಗೊತ್ತಿಲ್ಲೇನು?"

"ನೋಡಿದ್ದು ನೆನಪಿಲ್ರಿ" ಎಂದೆ. ನಾಲಿಗೆಗೆ ವಯಸ್ಸಾಗುವುದಿಲ್ಲ.

ಬಾವಿಗೆ ಈಗ ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಕಟ್ಟೆಗೆ ಸುಣ್ಣ ಬಳಿದಿದ್ದಾರೆ. ಪಕ್ಕದಲ್ಲಿ ಒಂದು ಹಳದಿ ಬೋರ್ಡು, ಯಾರು ನಿಲ್ಲಿಸಿದ್ದಾರೆಂದು ಬರೆದಿಲ್ಲ. "ರಾಣಿ ಬಾವಿ. ಕಟ್ಟೆಯ ಮೇಲೆ ಕೂಡಬಾರದು." ಎರಡು ಸಲ ಓದಿದೆ. ಮಾಮಾ ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರ ಮಾತು ಮಾತ್ರ ಬಣ್ಣ ಬಳಿದುಕೊಂಡು ಅಲ್ಲಿ ನಿಂತಿತ್ತು.

ಬಾವಿ ತೋರಿಸಲು ಒಬ್ಬ ಹುಡುಗಿ ಬಂದಳು. ಇಪ್ಪತ್ತೈದರೊಳಗಿನ ವಯಸ್ಸು, ಗುಂಗುರು ಕೂದಲನ್ನು ಬಿಗಿಯಾಗಿ ಹೆಣೆದಿದ್ದಳು, ಕೊರಳಿಗೆ ಗುರುತಿನ ಚೀಟಿ. ಹೆಸರು ಲೀನಾ ಎಂದಳು. ಬಾವಿಯಿಂದ ಒಂದು ಗೇಣು ದೂರ ನಿಂತು, ಕೈ ಕಟ್ಟಿಕೊಂಡು ಶುರು ಮಾಡಿದಳು. ವೈರಿಗಳು, ಮುತ್ತಿಗೆ, ನತ್ತು, ಹುಣ್ಣಿಮೆ. "ಯಾವ ರಾಣಿ?" ಎಂದರು ಸರೋಜಾ ಟೀಚರ್. "ಸಣ್ಣ ರಾಣಿರಿ. ದೊಡ್ಡ ರಾಣಿ ಊರಾಗ ಇದ್ಲು" ಎಂದಳು ಲೀನಾ. ನಾನು ಕಟ್ಟೆಗೆ ಕೈ ಚಾಚಿದೆ. ಬೋರ್ಡು ನೋಡಿ ಕೈ ತೆಗೆದೆ.

"ಇಲ್ಲಿ ಬಗ್ಗಿ ನೋಡ್ರಿ. ಐದ ಗೀರು ಕಾಣ್ತಾವಲ್ರಿ? ನತ್ತು ಬಿಡೂಮುಂದ ರಾಣಿ ಕಲ್ಲ ಹಿಡಕೊಂಡಿದ್ದ ಐದ ಬೆರಳಿನ ಗುರ್ತು ಅಂತಾರ್ರಿ."

ಇದು ನಾನು ಹೇಳಿದ್ದಲ್ಲ. ನಾನು ಬಿತ್ತಿ ಹೋದದ್ದಕ್ಕೆ ಯಾರ್ಯಾರೋ ನೀರು ಹಾಕಿ, ಅದು ಬೆಳೆದು ಆ ಐದು ಜನರನ್ನೂ ನುಂಗಿತ್ತು.

"ಇದಕ್ಕೆಲ್ಲ ಆಧಾರ ಏನವ್ವ?" ಎಂದರು ಸರೋಜಾ ಟೀಚರ್, ಮೌಲ್ಯಮಾಪನದ ದನಿಯಲ್ಲಿ.

"ನಮ್ಮ ಅಜ್ಜ ಹೇಳ್ತಿದ್ರಿ. ಕೈತಾನ ಅಂತ. ಇಲ್ಲೇ ಚಾದಂಗಡಿಗೆ ನೀರ ಹೊರ್ತಿದ್ದ. ಈಗ ಇಲ್ರಿ. ಅವ ಸುಳ್ಳ ಹೇಳೂ ಮನಿಶ್ಯಾ ಅಲ್ರಿ, ಇಡೀ ಹಳಿಯಾಳ ಹೇಳ್ತೈತಿ ಬೇಕಾರ."

ಈಗ ಇಲ್ಲ. ಅವಳು ಅದನ್ನು ಸಹಜವಾಗಿ ಹೇಳಿ ಮುಂದೆ ಹೋದಳು. ನನಗೆ ಮುಂದಿನ ಮಾತು ಕಿವಿಗೆ ಬೀಳಲಿಲ್ಲ. ಬಾಯಿ ಪೂರ್ತಿ ಒಣಗಿತ್ತು. ಚೀಲದಿಂದ ತಂಬಿಗೆ ತೆಗೆದು, ಬಟ್ಟೆಯ ಗಂಟು ಬಿಚ್ಚಿ, ಎತ್ತಿ ನೀರು ಕುಡಿದೆ. ಇಳಿಸುವಾಗ ನೋಡಿದರೆ ಲೀನಾ ಮಾತು ನಿಲ್ಲಿಸಿದ್ದಳು.

"ಅಕ್ಕಾರ, ಆ ತಂಬಿಗಿ ಎಲ್ಲೀದ್ರಿ?"

"ಮನೀದವ್ವ."

"ತಗ್ಗ ಹೆಂಗ ಬಿತ್ರಿ?"

ಅಡುಗೆಮನೆಯ ಹಲಗೆಯ ಮೇಲಿಂದ ಬಿತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ ಬಂದಿತ್ತು. ಅಷ್ಟರಲ್ಲಿ ಸರೋಜಾ ಟೀಚರ್, "ನಾವೂ ಇಪ್ಪತ್ತ ವರ್ಷದಿಂದ ಕೇಳಾಕತ್ತೇವಿ, ಈಕಿ ಹೇಳವಲ್ಲಳು. ಈಗರೆ ಹೇಳ ಗಿರಿಜಾ" ಎಂದು ನಕ್ಕರು. ಎಲ್ಲರೂ ನನ್ನ ಕಡೆ ತಿರುಗಿದರು. ಮಾಮಾ ಕೈತಾನನ ಕಡೆ ತಿರುಗಿದ ಹಾಗೆ.

"ಈ ಬಾವ್ಯಾಗ ಬಿದ್ದಿತ್ತು. ನಿಮ್ಮ ಅಜ್ಜ ಇಳದು ತಗದು ಕೊಟ್ಟಾ" ಎಂದೆ. ತಪ್ಪು ಒಪ್ಪಿಕೊಂಡದ್ದು ನಾನಲ್ಲ, ತಂಬಿಗೆ.

ಲೀನಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವಳು ಹುಡುಕುತ್ತಿದ್ದದ್ದು ಎರಡು ಜಡೆಯ ಹುಡುಗಿಯನ್ನು ಇರಬೇಕು.

"ರಿಬ್ಬನ್ನಿಗೆ ಕಟ್ಟಿ ಬಿಟ್ಟಾಕಿ ನೀವ ಏನ್ರಿ?" ಎಂದಳು. ನಾನು ಹೂಂ ಎಂದೆ. ಅವಳು ಮುಂದುವರಿಸಿದಳು: "ಅಜ್ಜ ಮನ್ಯಾಗ ಬ್ಯಾರೇನ ಹೇಳ್ತಿದ್ರಿ. ಬಾವಿ ತೋಡಿದಾವ ನಮ್ಮ ಮುತ್ಯಾ, ಗೀರು ಐದ ಮಂದಿ ಅಣ್ಣತಮ್ಮಂದಿರ್ದು ಅಂತ. ಹಂಗಾರ ಬಂದಾವರ ಮುಂದ ರಾಣಿ ಅಂತ ಯಾಕ ಹೇಳ್ತಿ ಅಂತ ನಾವ ಕೇಳ್ತಿದ್ವಿ. 'ಒಂದ ಹುಡುಗಿ ಬೀಗರ ಮುಂದ ಹೇಳಿತ್ತು, ನಾ ಹೂಂ ಅಂದೇನಿ. ಆಕಿ ಬಂದು ಬ್ಯಾಡ ಅನ್ನೂತನಕ ಹೂಂ ಅಂದದ್ದ ಹೂಂ' ಅಂತಿದ್ದ. ನಾವ ನಗತಿದ್ವಿ. ನನಗೂ ಹಂಗ ಹೇಳ ಅಂತ ಕಲಿಸಿದ. ಬರ್ತಾಳ ಆಕಿ, ಅಂತಿದ್ದ."

ನಾನು ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟತೊಡಗಿದೆ.

"ತಂಬಿಗೀದ ಭಾಳ ಹಚ್ಚಿಕೊಂಡಿದ್ರಿ ಅವ. 'ನನ್ನ ಕೈಲೆ ತಗ್ಗ ಬಿತ್ತು, ಪಾಪ, ಮನ್ಯಾಗ ಹೊಡದ್ರೋ ಏನೋ' ಅಂತ. ಖರೇ ಹೊಡದ್ರೇನ್ರಿ?"

"ಇಲ್ಲವ್ವ. ಯಾರೂ ಬೈಲೂ ಇಲ್ಲ."

"ಅಷ್ಟ ಬಂದ ಹೇಳಬೇಕಾಗಿತ್ರಿ ಅಜ್ಜಗ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವೂರ್ರಿ ಈಗ ನಿಮ್ದು?"

"ಧಾರವಾಡ."

"ಧಾರವಾಡ" ಎಂದಳು ಅವಳು. ಹಳಿಯಾಳದಿಂದ ಧಾರವಾಡ ಒಂದು ತಾಸಿನ ದಾರಿ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಸಂತೆಗೆ, ಮದುವೆಗೆ, ಸೀರೆ ತರಲಿಕ್ಕೆ ಎಲ್ಲೆಲ್ಲಿಗೋ ಹೋಗಿದ್ದೇನೆ. ಅದೆಲ್ಲದರ ನಡುವೆ ಒಬ್ಬ ಮನುಷ್ಯ ದಿಬ್ಬದ ಕಡೆ ನೋಡುತ್ತ ಒಂದು ಹುಡುಗಿಯ ದಾರಿ ಕಾದಿದ್ದ. ಅವನ ಸ್ವಂತ ಬಾವಿ ಅವನಿಗೆ ತಿರುಗಿ ಸಿಗಲು ನಾನು ಬಂದು "ಬ್ಯಾಡ" ಅಂದರೆ ಸಾಕಿತ್ತು.

"ಒಂದ ಮಾತ್ರ ಅಜ್ಜ ಹೇಳಲಿಲ್ರಿ" ಎಂದಳು ಲೀನಾ. "ಅವ ಈ ಕಟ್ಟಿ ಮ್ಯಾಲೆ ಎಂದೂ ಕುಂದರ್ತಿರಲಿಲ್ಲ. ನಮಗೂ ಕುಂದರಗೊಡ್ತಿರಲಿಲ್ಲ. ಮುತ್ಯಾನ ಬಾವಿ, ಕುಂತ್ರ ಏನಾಗ್ತೈತಿ ಅಂದ್ರ ಸುಮ್ಮನ ಹೋಗಿಬಿಡ್ತಿದ್ದ."

ಅಂದರೆ ಅದೊಂದನ್ನು ಅವನು ಮೊಮ್ಮಕ್ಕಳಿಗೂ ಹೇಳಿರಲಿಲ್ಲ. ಅವಮಾನ ತನ್ನದಾಯಿತೆಂದೋ, ನನ್ನ ಮರ್ಯಾದೆ ಕಾಯಲೆಂದೋ, ನನಗೆ ತಿಳಿಯದು. ಆ ದಿನ ಅಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳು. ಇಲ್ಲಿ ತಂಬಿಗೆಯ ಸಹಾಯ ಸಿಗುವಂತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಹೇಳಿದೆ. ಮಾಮಾ ಇಳಿ ಎಂದದ್ದು, ಅವನು ಬೀಡಿ ಆರಿಸಿದ್ದು, ನಾನು ತಂಬಿಗೆ ನೋಡುತ್ತ ನಿಂತದ್ದು, ಆಮೇಲೆ ನನ್ನನ್ನು ಕಂಡರೆ ಅವನು ತಾನಾಗಿಯೇ ಇಳಿಯುತ್ತಿದ್ದದ್ದು. ಟೀಚರುಗಳ ಮುಂದೆಯೇ ಹೇಳಿದೆ. ಯಾರೂ ನಗಲಿಲ್ಲ. ಸರೋಜಾ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು ತಿರುಗಿ ಹಾಕಿಕೊಂಡರು. "ರಾಣಿ ಬ್ಯಾಡವ್ವ ಇನ್ನ. ಬ್ಯಾಡ" ಎಂದೆ ಕೊನೆಗೆ ಲೀನಾಳಿಗೆ. ಹೇಳಬೇಕಾದವನಿಗಲ್ಲ, ಅವನ ಮೊಮ್ಮಗಳಿಗೆ.

ಲೀನಾ ಬಾವಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ಕೊರಳಿನ ಚೀಟಿಯನ್ನು ಬೆನ್ನಿಗೆ ಸರಿಸಿ, ಆ ಹಳದಿ ಬೋರ್ಡಿನ ಮಗ್ಗುಲಲ್ಲೇ ಕಟ್ಟೆಯ ಮೇಲೆ ಕೂತಳು. ಐದು ಗೀರುಗಳ ನೇರ ಮೇಲೆ. ಪಕ್ಕದ ಜಾಗ ಕೈಯಿಂದ ಒರೆಸಿ, "ನೀವೂ ಕುಂದರ್ರಿ ಅಕ್ಕಾರ, ಬಿಸಿಲಾಗ ನಿಂತೀರಿ" ಎಂದಳು. ನನಗೆ ಕೂಡಲಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ವ್ಯಾನಿನ ಜನ ದಿಬ್ಬ ಇಳಿದು ಬಂದರು. ಮುಂದೆ ಇದ್ದ ಯಜಮಾನರು ಬೋರ್ಡನ್ನು ಗಟ್ಟಿಯಾಗಿ ಓದಿ, ಲೀನಾಳನ್ನು ನೋಡಿದರು.

"ಏ ಹುಡುಗಿ, ಬೋರ್ಡ ಕಾಣಂಗಿಲ್ಲೇನು? ರಾಣಿ ಬಾವಿ ಕಟ್ಟಿ ಅದು. ಇಳಿ ಕೆಳಗ."

ಲೀನಾ ಏಳಲು ಕೈ ಊರಿದಳು. ಅಭ್ಯಾಸ ಇರಬೇಕು, ಮನೆತನದ್ದು.

"ಕುಂದರ್ಲಿ ಬಿಡ್ರಿ" ಎಂದೆ ನಾನು. "ಆಕಿ ಮುತ್ಯಾನ ಬಾವಿ ಅದು."

ದನಿ ಜೋರಾಗಿಯೇ ಬಂತು. ದಿಬ್ಬದ ಮೇಲಿನ ಎಮ್ಮೆಗಳು ತಲೆಯೆತ್ತಿ ನೋಡಿದವು. ಹಿಂದೆ ವ್ಯಾನಿನ ಹತ್ತಿರ ನಿಂತಿದ್ದ ಡ್ರೈವರು ಏನಾಯಿತೆಂದು ಓಡಿ ಬಂದ. ಕೊನೆಯ ಬೆಂಚಿಗೂ ಕೇಳುವ ದನಿ ಅದು, ಎಲ್ಲರಿಗೂ ಕೇಳಿಸಿತು. ಕೈತಾನನಿಗೆ ಮಾತ್ರ ಕೇಳಿಸಲಿಲ್ಲ.